ಫುಚೂವಿನ ಮರದ ಮರೆಯಲ್ಲಿ

ಬೆಂಗಳೂರಿನ ರೇಸ್‌ಕೋರ್ಸ್ ರಸ್ತೆಯಲ್ಲಿ ನೂರಾರು ಸಲ ಓಡಾಡಿದ್ದರೂ ನಾನು ಆ ಕಾಂಪೌಂಡಿನ ಒಳಗೆ ಕಾಲಿಟ್ಟವನಲ್ಲ. ರೇಸಿಗೆ ಬಿದ್ದವನೆಂದರೆ ಮನೆ ಮಾರಿಕೊಂಡವನೆಂದೇ ನಮ್ಮ ಮನೆಯಲ್ಲಿ ಅರ್ಥವಿತ್ತು. ಆದ್ದರಿಂದ 2022ರ ಅಕ್ಟೋಬರ್ 30ರ ಭಾನುವಾರ ಸಹೋದ್ಯೋಗಿಯೊಬ್ಬರು ಟೋಕಿಯೊದ ಪಶ್ಚಿಮಕ್ಕಿರುವ ಫುಚೂವಿನ ರೇಸ್‌ಕೋರ್ಸಿಗೆ ಕರೆದಾಗ ಅಳುಕಿನಿಂದಲೇ ಹೊರಟೆ.

ಅಂದು ನಡೆಯಲಿದ್ದುದು ಶರತ್ಕಾಲದ ಟೆನ್ನೋ ಶೋ, ಅಂದರೆ ಚಕ್ರವರ್ತಿಯ ಬಹುಮಾನದ ಪಂದ್ಯ. 1983ರವರೆಗೆ 3200 ಮೀಟರ್ ಇದ್ದ ಈ ಓಟವನ್ನು ಮರುವರ್ಷ 2000 ಮೀಟರಿಗೆ ಇಳಿಸಿದ್ದರಿಂದ, ದಮ್ಮು ಕಟ್ಟಿ ದೂರ ಓಡುವ ಕುದುರೆಗಳ ಜೊತೆಗೆ ಬಿರುಸಿನ ಕುದುರೆಗಳಿಗೂ ಇಲ್ಲಿ ಗೆಲ್ಲುವ ಆಸೆ ಹುಟ್ಟಿತು. ನೂರು ಯೆನ್‌ನಿಂದಲೇ ಬಾಜಿ ಕಟ್ಟಬಹುದಾದ್ದರಿಂದ ನಾನೂ ಒಂದು ಟಿಕೆಟ್ ಕೊಂಡೆ. ಆರಿಸಿದ್ದು ಪಂಥಲಸ್ಸಾ ಎಂಬ ಕುದುರೆಯನ್ನು. ಹೆಸರಿನಲ್ಲೇ ಪಂಥವಿದೆ ಎಂಬುದಷ್ಟೇ ಈ ಕನ್ನಡಿಗನ ತರ್ಕ. ಸಹೋದ್ಯೋಗಿಯ ಹಣವೆಲ್ಲ ಮೂರು ವರ್ಷದ ಈಕ್ವಿನಾಕ್ಸ್ ಮೇಲಿತ್ತು.

ಪಂದ್ಯಕ್ಕೆ ಮೊದಲು ಅವರು ಮೂರನೆಯ ತಿರುವಿನಾಚೆ ನಿಂತ ಮರವೊಂದನ್ನು ತೋರಿಸಿದರು. ಅದನ್ನು ಎಲ್ಲರೂ ‘ದೊಡ್ಡ ಕೆಯಾಕಿ’ ಎನ್ನುತ್ತಾರಾದರೂ ಅದು ನಿಜಕ್ಕೂ ಎನೊಕಿ ಎಂಬ ಬೇರೆಯೇ ಜಾತಿಯದಂತೆ. ಅದರ ಹಿಂದೆ ಸಾಗುವಾಗ ಕುದುರೆಗಳು ಕೆಲವು ಕ್ಷಣ ಪ್ರೇಕ್ಷಕರ ಕಣ್ಣಿಗೆ ಮರೆಯಾಗುತ್ತವೆ. 1998ರ ನವೆಂಬರ್ 1ರಂದು ಇದೇ ಓಟದಲ್ಲಿ, ಆ ವರ್ಷ ಸತತ ಆರು ಪಂದ್ಯ ಗೆದ್ದು ಬಂದಿದ್ದ ಸೈಲೆನ್ಸ್ ಸುಜುಕಾ ಎಂಬ ಕುದುರೆ ಮೊದಲ 1000 ಮೀಟರನ್ನು 57.4 ಸೆಕೆಂಡಿನಲ್ಲಿ ಓಡಿ, ಉಳಿದವನ್ನೆಲ್ಲ ಬಹಳ ಹಿಂದೆ ಬಿಟ್ಟು ಅತ್ತ ಸಾಗಿತ್ತು. ಮರ ದಾಟುವ ಹೊತ್ತಿಗೆ ಅದರ ಎಡ ಮುಂಗಾಲು ಮುರಿದಿತ್ತು. ಜಾಕಿ ಯುತಾಕ ತಾಕೆ ಅದನ್ನು ಹೇಗೋ ಬದಿಗೆ ತಂದು ನಿಲ್ಲಿಸಿದರು. ಗುಣವಾಗದ ಗಾಯವೆಂದು ಅಂದೇ ಅದಕ್ಕೆ ದಯಾಮರಣ ನೀಡಲಾಯಿತು.

ಗೇಟು ತೆರೆದ ಕೆಲವೇ ಕ್ಷಣಗಳಲ್ಲಿ ನನ್ನ ಪಂಥಲಸ್ಸಾ ಮುನ್ನುಗ್ಗಿತು. 1000 ಮೀಟರಿನ ಹೊತ್ತು 57.4 ಸೆಕೆಂಡ್ ಎಂದು ತಿಳಿದಾಗ ಸ್ಟ್ಯಾಂಡಿನ ತುಂಬ ಗುಜುಗುಜು ಎದ್ದಿತು. ಇಪ್ಪತ್ತನಾಲ್ಕು ವರ್ಷಗಳ ಹಿಂದಿನ ಅದೇ ಅಂಕಿ! ಹತ್ತು ಕುದುರೆಯುದ್ದಕ್ಕೂ ಹೆಚ್ಚು ಮುಂದಿದ್ದ ಅದು ಮರದ ಹಿಂದೆ ಮರೆಯಾದಾಗ ಸಹೋದ್ಯೋಗಿ ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡರು. ಮರುಕ್ಷಣ ಅದು ಒಂಟಿಯಾಗಿ, ಅದೇ ಬಿರುಸಿನಲ್ಲಿ, ಈಚೆ ಬಂತು.

ಫುಚೂವಿನ ಕೊನೆಯ ನೇರ ಹಾದಿ 525.9 ಮೀಟರ್ ಉದ್ದದ್ದು, ನಡುವೆ ಏರು ಬೇರೆ. ಅಲ್ಲಿ ದಣಿಯುತ್ತ ಬಂದ ಪಂಥಲಸ್ಸಾವನ್ನು, ಫ್ರಾನ್ಸಿನ ಕ್ರಿಸ್ಟೋಫ್ ಲೆಮೇರ್ ಸವಾರಿಯ ಈಕ್ವಿನಾಕ್ಸ್ ಗುರಿಗಂಬದ ಹತ್ತಿರ ಹಿಂದಿಕ್ಕಿ ಒಂದು ಕುದುರೆಯುದ್ದದಿಂದ ಗೆದ್ದಿತು. ನನ್ನ ನೂರು ಯೆನ್ ಹೋಯಿತು. ಗೆದ್ದ ಟಿಕೆಟ್ಟನ್ನು ಜೇಬಿಗಿಳಿಸಿದ ಸಹೋದ್ಯೋಗಿ ಮಾತ್ರ, ಸೋತ ಕುದುರೆ ನಾಲ್ಕೂ ಕಾಲೂರಿ ನಡೆದು ಒಳಗೆ ಹೋಗುವವರೆಗೂ ಕಟಕಟೆ ಬಿಟ್ಟು ಕದಲಲಿಲ್ಲ.