ಟೆನಿಸ್‌ನಲ್ಲಿ ಕಾಲು ತಡವಾಗುವುದು ಎಲ್ಲಿ?

"ಹುಡುಗನಿಗೆ ಸ್ಪೀಡ್ ಸಾಲದು ಸರ್, ಸ್ವಲ್ಪ ಲ್ಯಾಡರ್ ಜಾಸ್ತಿ ಮಾಡಿಸಿ." (ಲ್ಯಾಡರ್ ಎಂದರೆ ನೆಲದ ಮೇಲೆ ಹಾಸಿದ ಏಣಿಯ ಮನೆಗಳೊಳಗೆ ಚಕಚಕ ಹೆಜ್ಜೆ ಹಾಕುವ ಅಭ್ಯಾಸ.) ಟೆನಿಸ್ ಕೋಚಿಂಗ್ ಕೆಲಸದಲ್ಲಿ ಇರುವವರೆಲ್ಲ ತಿಂಗಳಿಗೊಮ್ಮೆಯಾದರೂ ಕೇಳುವ ಮಾತಿದು. ನಲವತ್ತು ದಾಟಿದ ಕ್ಲಬ್ ಆಟಗಾರರು ತಮ್ಮ ಬಗ್ಗೆಯೂ ಇದನ್ನೇ ಹೇಳಿಕೊಳ್ಳುತ್ತಾರೆ. ಅದೇ ಹುಡುಗನನ್ನು ಮೈದಾನದಲ್ಲಿ ಇಪ್ಪತ್ತು ಮೀಟರ್ ಓಡಿಸಿ ನೋಡಿ, ಚೆನ್ನಾಗಿಯೇ ಓಡುತ್ತಾನೆ. ಕೋರ್ಟಿಗೆ ಬಂದರೆ ಪ್ರತಿ ಚೆಂಡಿಗೂ ಅರ್ಧ ಹೆಜ್ಜೆ ಹಿಂದೆ. ಅವನ ಕಾಲಿನಲ್ಲಿ ವೇಗವಿದೆ, ಆದರೆ ಹೊರಡುವುದು ತಡವಾಗುತ್ತಿದೆ. ಈ ಎರಡಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟು ತಿಂಗಳುಗಟ್ಟಲೆ ಕಳೆಯುವುದು ಕೋಚ್‌ಗಳಲ್ಲಿ ತುಂಬ ಸಾಮಾನ್ಯವಾದ ತಪ್ಪು.

ಮೊದಲು ಲೆಕ್ಕ ನೋಡೋಣ. ಕೋರ್ಟಿನ ಉದ್ದ 23.77 ಮೀಟರ್. ಕ್ಲಬ್ ಮಟ್ಟದಲ್ಲಿ ಚೆಂಡು ಅತ್ತಿಂದಿತ್ತ ಹೊಡೆದಾಡುವ ರ್‍ಯಾಲಿಯಲ್ಲಿ ಚೆಂಡಿನ ಸರಾಸರಿ ವೇಗ ಗಂಟೆಗೆ 60 ಕಿ.ಮೀ. ಎಂದಿಟ್ಟುಕೊಂಡರೆ ಆ ಬೇಸ್‌ಲೈನಿನಿಂದ, ಅಂದರೆ ಕೋರ್ಟಿನ ಹಿಂದಿನ ಗೆರೆಯಿಂದ, ಈ ಬೇಸ್‌ಲೈನಿಗೆ ಬರಲು ಸುಮಾರು 1.4 ಸೆಕೆಂಡ್ ಬೇಕು. ಸಿಂಗಲ್ಸ್ ಕೋರ್ಟಿನ ಅಗಲ 8.23 ಮೀಟರ್, ಅಂದರೆ ನಡುಗುರುತಿನಿಂದ ಸೈಡ್‌ಲೈನಿಗೆ 4.11 ಮೀಟರ್. ಅದರಲ್ಲಿ ಕೈ ಮತ್ತು ರ್‍ಯಾಕೆಟ್ ಸೇರಿ ಮೀಟರಿಗೂ ಹೆಚ್ಚು ಎಟುಕುತ್ತದೆ. ಉಳಿಯುವುದು ಮೂರು ಮೀಟರಿನ ಆಸುಪಾಸು, ಮೂರು ನಾಲ್ಕು ಹೆಜ್ಜೆ. 1.4 ಸೆಕೆಂಡಿನಲ್ಲಿ ಮೂರು ಮೀಟರ್ ದಾಟಲು ಯಾರೂ ಓಟದ ಚಾಂಪಿಯನ್ ಆಗಬೇಕಿಲ್ಲ. ಆದರೆ ಹೊರಡುವಾಗಲೇ 0.3 ಸೆಕೆಂಡ್ ಹೋದರೆ ಕೈಯಲ್ಲಿದ್ದ ಸಮಯದ ಐದನೇ ಒಂದು ಪಾಲು ಹೋಯಿತು. ಲ್ಯಾಡರ್ ಮೇಲೆ ಎಷ್ಟು ಕುಣಿಸಿದರೂ ಆ ಪಾಲು ವಾಪಸ್ ಬರುವುದಿಲ್ಲ.

ಅದನ್ನು ಉಳಿಸುವುದು ಸ್ಪ್ಲಿಟ್ ಸ್ಟೆಪ್, ಅಂದರೆ ಎದುರಾಳಿ ಹೊಡೆಯುವ ಹೊತ್ತಿಗೆ ಹಾಕುವ ಆ ಪುಟ್ಟ ಪುಟಿತ. ಎಲ್ಲರೂ ಹೆಸರು ಕೇಳಿರುತ್ತಾರೆ, ಮಾಡುತ್ತೇವೆ ಎಂದೂ ಹೇಳುತ್ತಾರೆ. ಎಡವುವುದು ಹೊತ್ತಿನಲ್ಲಿ. ಎದುರಾಳಿಯ ರ್‍ಯಾಕೆಟ್ ಹಿಂದಿನಿಂದ ಮುಂದಕ್ಕೆ ಹೊರಟಾಗ ನಿಮ್ಮ ಪಾದ ನೆಲ ಬಿಡಬೇಕು. ತಂತಿಗೆ ಚೆಂಡು ತಗುಲುವಾಗ ನೀವು ಗಾಳಿಯಲ್ಲಿರಬೇಕು. ಚೆಂಡು ಯಾವ ಕಡೆ ಎಂದು ಕಣ್ಣಿಗೆ ಗೊತ್ತಾಗುವ ಕ್ಷಣಕ್ಕೆ ಪಾದ ನೆಲ ಮುಟ್ಟಬೇಕು. ಎತ್ತರ ಎರಡರಿಂದ ಐದು ಸೆಂಟಿಮೀಟರ್ ಸಾಕು. ಪಾದಗಳ ನಡುವೆ ಭುಜಕ್ಕಿಂತ ತುಸು ಹೆಚ್ಚು ಅಗಲ, ಮೊಣಕಾಲು ಸಡಿಲ, ಭಾರ ಮುಂಗಾಲಿನ ಮೇಲೆ. ಕಬಡ್ಡಿಯಲ್ಲಿ ರೇಡರ್ ಒಳಗೆ ಬಂದಾಗ ಮೂಲೆಯಲ್ಲಿ ನಿಂತವರ ಮೈ ನೋಡಿ, ಹಿಮ್ಮಡಿ ಊರಿ ನಿಂತಿರುವವರು ಒಬ್ಬರೂ ಇರುವುದಿಲ್ಲ. ಶಾಲೆಯಲ್ಲಿ ಕಬಡ್ಡಿ, ಖೋ-ಖೋ ಆಡಿದ ಮಕ್ಕಳಿಗೆ ಈ ನಿಲುವನ್ನು ಹೇಳಿಕೊಡುವ ಅಗತ್ಯವೇ ಬೀಳುವುದಿಲ್ಲ, ಹೊತ್ತನ್ನು ಮಾತ್ರ ಕಲಿಸಿದರೆ ಆಯಿತು.

ತಪ್ಪುಗಳು ಮೂರು ನಾಲ್ಕು ಬಗೆ. ಎತ್ತರಕ್ಕೆ ಹಾರುವವರು ಕೆಳಗಿಳಿಯುವಷ್ಟರಲ್ಲಿ ಚೆಂಡು ನೆಟ್ ದಾಟಿರುತ್ತದೆ. ಎದುರಾಳಿಯ ಕಡೆ ಚೆಂಡು ಪುಟಿದಾಗಲೇ ಹಾರುವವರು ಬೇಗ ಇಳಿದು, ಮತ್ತೆ ಭಾರ ಹಿಮ್ಮಡಿಗೆ ಜಾರಿ, ನಿಂತಲ್ಲೇ ಬೇರೂರುತ್ತಾರೆ. ಇನ್ನು ಕೆಲವರು ಸರಿಯಾದ ಹೊತ್ತಿಗೇ ಪುಟಿದರೂ ಮೊಣಕಾಲು ಬಿಗಿಹಿಡಿದು ಇಳಿಯುತ್ತಾರೆ, ಸ್ಪ್ರಿಂಗ್ ಆಗಬೇಕಾದ ಕಾಲು ಕಂಬವಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು, ತಾನು ಹೊಡೆದ ಮೇಲೆ ತನ್ನ ಚೆಂಡನ್ನೇ ನೋಡುತ್ತ ನಿಲ್ಲುವುದು.

ಇದನ್ನು ಅಳೆಯಲು ಫೋನ್ ಸಾಕು. ಆಟಗಾರನ ಬೆನ್ನ ಹಿಂದೆ, ಬೇಲಿಗೆ ಫೋನ್ ಸಿಕ್ಕಿಸಿ. ಎದುರಾಳಿಯೂ ಚೌಕಟ್ಟಿನೊಳಗೆ ಇರಬೇಕು. ಸ್ಲೋ ಮೋಷನ್‌ನಲ್ಲಿ 20 ಚೆಂಡು ತೆಗೆಯಿರಿ. ಎದುರಾಳಿಯ ರ್‍ಯಾಕೆಟ್ ಚೆಂಡಿಗೆ ತಗುಲಿದ ಚಿತ್ರದಲ್ಲಿ ನಿಲ್ಲಿಸಿ ಪಾದ ನೋಡಿ: ನೆಲ ಬಿಟ್ಟಿದೆಯೋ ಇಲ್ಲವೋ. 20ಕ್ಕೆ ಎಷ್ಟು ಎಂದು ಬರೆದಿಡಿ. "ಸ್ಪ್ಲಿಟ್ ಮಾಡ್ತೀನಲ್ಲ ಸರ್" ಎನ್ನುವ ಹುಡುಗನ ಜೊತೆ ವಾದ ಮಾಡುವುದಕ್ಕಿಂತ ಆ ಅಂಕಿ ತೋರಿಸುವುದು ಒಳ್ಳೆಯದು.

ಇಲ್ಲಿ ಕೋಚ್‌ಗಳ ಪಾಲಿನ ತಪ್ಪನ್ನೂ ಹೇಳಲೇಬೇಕು. ಎಂಟು ಮಕ್ಕಳ ಸಾಲು, ಒಂದು ಬಾಸ್ಕೆಟ್ ಚೆಂಡು, ಒಂದು ಬಲಕ್ಕೆ ಒಂದು ಎಡಕ್ಕೆ ಎಂದು ಲೆಕ್ಕ ಹಾಕಿದಂತೆ ಫೀಡ್, ಅಂದರೆ ಕೋಚ್ ಚೆಂಡು ಎಸೆದುಕೊಡುವುದು. ಎರಡನೇ ಸುತ್ತಿಗೆ ಮಕ್ಕಳು ಚೆಂಡು ಕೈಬಿಡುವ ಮೊದಲೇ ಓಡಲು ಶುರು ಮಾಡುತ್ತಾರೆ. ನೋಡುವವರಿಗೆ ಕಾಲು ಚುರುಕಾಗಿದೆ ಅನ್ನಿಸುತ್ತದೆ, ಆದರೆ ಮ್ಯಾಚಿನಲ್ಲಿ ಬೇಕಾದ ಒಂದೇ ಒಂದು ಕೌಶಲ್ಯ, ನೋಡಿ ನಿರ್ಧರಿಸಿ ಹೊರಡುವುದು, ಅಭ್ಯಾಸಕ್ಕೆ ಬರುವುದೇ ಇಲ್ಲ. ಕೈಯಿಂದ ಎಸೆಯುವ ಬದಲು ಚೆಂಡನ್ನು ನೆಲಕ್ಕೆ ಪುಟಿಸಿ ರ್‍ಯಾಕೆಟ್‌ನಿಂದ ಹೊಡೆದು ಕೊಡಿ. ಯಾವ ಕಡೆ ಎಂದು ಕೊನೆಯವರೆಗೂ ಬಿಟ್ಟುಕೊಡಬೇಡಿ. ಅದೇ ಬಾಸ್ಕೆಟ್, ಅದೇ ಹೊತ್ತು, ಕಲಿಕೆ ಮಾತ್ರ ಬೇರೆ. ಶುರುವಿನಲ್ಲಿ ಎದುರಾಳಿ ಹೊಡೆಯುವ ಕ್ಷಣಕ್ಕೆ "ಹಾಪ್" ಎಂದು ಜೋರಾಗಿ ಹೇಳಿಸಿ. ಬಾಯಿ ಸರಿಯಾದ ಹೊತ್ತಿಗೆ ಬಂದರೆ ಕಾಲೂ ಬರುತ್ತದೆ.

ಮುಂದಿನದು ಮೊದಲ ಹೆಜ್ಜೆ. ಇಲ್ಲಿಂದ ಹೇಳುವುದೆಲ್ಲ ಬಲಗೈ ಆಟಗಾರರ ಲೆಕ್ಕದಲ್ಲಿ, ಎಡಗೈಯವರು ಅದಲುಬದಲು ಮಾಡಿಕೊಳ್ಳಿ. ಚೆಂಡು ಬಲಕ್ಕೆ ದೂರ ಹೋಗುತ್ತಿದೆ. ಪುಟಿತದಿಂದ ಇಳಿಯುವಾಗ ಪಳಗಿದ ಆಟಗಾರರ ಎಡಗಾಲು ಒಂದು ಕೂದಲೆಳೆ ಮೊದಲು ನೆಲ ಮುಟ್ಟುತ್ತದೆ, ಬಲಪಾದ ಗಾಳಿಯಲ್ಲೇ ಬಲಕ್ಕೆ ತಿರುಗಿ ಊರುತ್ತದೆ. ಎಡಗಾಲು ನೆಲ ಒದ್ದು ಬಲಗಾಲನ್ನು ದಾಟಿ ಮುಂದೆ ಬರುತ್ತದೆ. ಅಷ್ಟರಲ್ಲಿ ಭುಜ ತಿರುಗಿರಬೇಕು, ಎಡಗೈ ಇನ್ನೂ ರ್‍ಯಾಕೆಟ್‌ನ ಕುತ್ತಿಗೆಯ ಮೇಲಿರಬೇಕು. ರ್‍ಯಾಕೆಟ್ ಪೂರ್ತಿ ಹಿಂದಕ್ಕೆ ಚಾಚಿಕೊಂಡು ಓಡುವವರಿಗೆ ತೋಳು ಬೀಸಲು ಆಗದೆ ಓಟವೇ ಕುಂಟುತ್ತದೆ.

ಅಡ್ಡಡ್ಡ ಸರಿಯುವ ಶಫಲ್ ಎರಡು ಮೀಟರಿನೊಳಗಿನ ಚೆಂಡಿಗೆ ಸರಿ. ಅದಕ್ಕಿಂತ ದೂರದ ಚೆಂಡಿಗೆ ಶಫಲ್ ಮಾಡುತ್ತ ಹೋದರೆ ಮುಟ್ಟುವುದಿಲ್ಲ, ಸೊಂಟ ತಿರುಗಿಸಿ ಓಡಲೇಬೇಕು. "ಸೈಡ್ ಸ್ಟೆಪ್, ಸೈಡ್ ಸ್ಟೆಪ್" ಎಂದು ಮಾತ್ರ ಕೂಗಿ ಕಲಿಸಿದ ಮಕ್ಕಳಲ್ಲಿ ಈ ತೊಂದರೆ ಎದ್ದು ಕಾಣುತ್ತದೆ.

ಚೆಂಡಿನ ಹತ್ತಿರ ಬಂದ ಮೇಲಿನ ಕೊನೆಯ ಒಂದು ಮೀಟರ್, ಈ ಬರಹದಲ್ಲಿ ಹೇಳಬೇಕಾದ್ದರಲ್ಲೆಲ್ಲ ಮುಖ್ಯವಾದ ಭಾಗ. ಮೊದಲ ಹೆಜ್ಜೆಗಳು ಉದ್ದ, ಕೊನೆಯ ಎರಡು ಮೂರು ಹೆಜ್ಜೆ ಪುಟ್ಟವು. ಆ ಪುಟ್ಟ ಹೆಜ್ಜೆಗಳೇ ಬ್ರೇಕು, ಚೆಂಡಿಗೂ ಮೈಗೂ ನಡುವಿನ ಅಂತರ ಸರಿಮಾಡುವುದೂ ಅವೇ. ಒಂದೇ ಅಳತೆಯ ದಾಪುಗಾಲಿನಲ್ಲಿ ಚೆಂಡಿನವರೆಗೂ ಓಡಿಬಂದವರಿಗೆ ಚೆಂಡು ಹೊಟ್ಟೆಗೆ ಬಂದು ಸಿಕ್ಕುತ್ತದೆ. ಆಗ ಮೊಣಕೈ ಮಡಚಿ, ಮಣಿಕಟ್ಟು ತಿರುಚಿ ಹೇಗೋ ಆಚೆ ದಾಟಿಸುತ್ತಾರೆ. ಕೋಚ್ ಅದನ್ನು ಸ್ವಿಂಗ್ ತಪ್ಪು ಎಂದು ತಿದ್ದಲು ಹೊರಡುತ್ತಾರೆ. ಸ್ವಿಂಗ್ ಏನೂ ಕೆಟ್ಟಿರುವುದಿಲ್ಲ, ಅದಕ್ಕೆ ಜಾಗ ಸಿಕ್ಕಿರುವುದಿಲ್ಲ ಅಷ್ಟೆ. ಮೊಣಕೈ ನೋವು ಎಂದು ಬರುವ ಕ್ಲಬ್ ಆಟಗಾರರ ರ್‍ಯಾಕೆಟ್, ತಂತಿಯ ಬಿಗಿ ಎಲ್ಲ ನೋಡುವ ಜೊತೆಗೆ ಈ ಕೊನೆಯ ಹೆಜ್ಜೆಗಳನ್ನೂ ನೋಡಿ. ಚೆಂಡು ಮೈಯ ಹಿಂದೆ ಸಿಕ್ಕಾಗಲೆಲ್ಲ ಏಟು ಬೀಳುವುದು ಮುಂಗೈಯ ಸ್ನಾಯುಗಳಿಗೆ.

ತಪ್ಪು ಕಂಡುಹಿಡಿಯಲು ರ್‍ಯಾಕೆಟ್ ಕೆಳಗಿಡಿಸಿ. ನಿಧಾನದ ಚೆಂಡು ಕೊಟ್ಟು ಒಂದು ಪುಟಿತದ ಮೇಲೆ ಬಲಗೈಯಲ್ಲಿ ಹಿಡಿಯಲು ಹೇಳಿ. ಸೊಂಟದ ಎತ್ತರದಲ್ಲಿ, ಮೈಯಿಂದ ತೋಳಳತೆ ಪಕ್ಕಕ್ಕೆ, ಎದೆಗಿಂತ ಮುಂದೆ ಹಿಡಿಯಬೇಕು, ಹಿಡಿದ ಮೇಲೆ ಎರಡು ಎಣಿಸುವವರೆಗೆ ಅಲ್ಲಾಡದೆ ನಿಲ್ಲಬೇಕು. ಭಾರ ಬಲಗಾಲಿನ ಮೇಲೆ, ಆ ಮೊಣಕಾಲು ಮಡಿದಿರಬೇಕು. ಹತ್ತರಲ್ಲಿ ಎಂಟು ಬಂದರೆ ರ್‍ಯಾಕೆಟ್ ಕೊಡಿ. ದೊಡ್ಡವರಿಗೆ ಇದು ಮಕ್ಕಳಾಟ ಅನ್ನಿಸಿ ಮುಜುಗರವಾಗುತ್ತದೆ, ಆದರೂ ಬಿಡಬೇಡಿ. ಮೂರು ಚೆಂಡನ್ನು ಮುಂದಕ್ಕೆ ಬಾಗಿ, ನಾಲ್ಕನ್ನು ಹೊಟ್ಟೆಗೆ ಒತ್ತಿ ಹಿಡಿದ ಮೇಲೆ ಅವರಿಗೇ ಅರ್ಥವಾಗುತ್ತದೆ.

ಹೊಡೆದ ಮೇಲೆ ಎಲ್ಲಿಗೆ ಹೋಗಬೇಕು? "ನಡುವಿಗೆ ವಾಪಸ್ ಓಡು" ಎಂದು ಕೂಗುವುದು ಎಲ್ಲ ಕೋರ್ಟುಗಳಲ್ಲೂ ಕೇಳುತ್ತದೆ, ಅದು ಅರ್ಧ ಮಾತ್ರ ಸರಿ. ನಿಲ್ಲಬೇಕಾದ್ದು ಎದುರಾಳಿ ಹೊಡೆಯಬಹುದಾದ ಎರಡು ಅಂಚಿನ ಕೋನದ ನಟ್ಟನಡುವೆ. ಬಲಮೂಲೆಯಿಂದ ಕರ್ಣರೇಖೆಯಲ್ಲಿ, ಅಂದರೆ ಕ್ರಾಸ್‌ಕೋರ್ಟ್ ಹೊಡೆದರೆ ಚೆಂಡು ನಿಮ್ಮ ಎಡಗಡೆಯ ದೂರದ ಮೂಲೆಗೆ ಹೋಗುತ್ತದೆ. ಅಲ್ಲಿಂದ ಬರಬಹುದಾದ ಉತ್ತರಗಳ ನಡುವು ನಡುಗುರುತಿನಿಂದ ಅರ್ಧ, ಒಂದು ಹೆಜ್ಜೆ ಬಲಕ್ಕೇ ಬೀಳುತ್ತದೆ. ನೀವು ಬಲಗಡೆಯೇ ಇದ್ದೀರಿ, ಓಟ ಕಡಿಮೆ. ಅದೇ ಮೂಲೆಯಿಂದ ನೇರಕ್ಕೆ ಹೊಡೆದರೆ ಆ ನಡುವು ಎಡಕ್ಕೆ ಸರಿಯುತ್ತದೆ, ನಡುಗುರುತನ್ನೂ ದಾಟಿ ಓಡಬೇಕು. ಜೊತೆಗೆ ನೇರದ ದಾರಿ ಮೂಲೆಯಿಂದ ಮೂಲೆಯ ದಾರಿಗಿಂತ ಸುಮಾರು 1.4 ಮೀಟರ್ ಕಡಿಮೆ, ಚೆಂಡು ಬೇಗ ತಲುಪಿ ಬೇಗ ವಾಪಸ್ ಬರುತ್ತದೆ. ನೆಟ್ ಕೂಡ ನಡುವೆ 91.4 ಸೆಂ.ಮೀ. ಇದ್ದದ್ದು ಕಂಬದ ಬಳಿ 107 ಸೆಂ.ಮೀ. ಆಗುತ್ತದೆ, ಕ್ರಾಸ್‌ಕೋರ್ಟ್ ಚೆಂಡು ದಾಟುವುದು ತಗ್ಗಾದ ನಡುವಿನ ಮೇಲೆ. ಮೂಲೆಗೆ ಸಿಕ್ಕಿಬಿದ್ದಾಗ ಕ್ರಾಸ್‌ಕೋರ್ಟ್ ಎತ್ತರಕ್ಕೆ ಹೊಡಿ ಎಂದು ಹೇಳುವುದರ ಹಿಂದೆ ಇಷ್ಟೆಲ್ಲ ಇದೆ. ಚೆಂಡು ಎಲ್ಲಿಗೆ ಹೊಡೆಯುತ್ತೀರಿ ಎಂಬುದೇ ಕಾಲಿನ ಕೆಲಸವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಇದನ್ನು ಮಕ್ಕಳಿಗೆ ಬಾಯಲ್ಲಿ ಹೇಳಬೇಡಿ. ಎದುರಾಳಿ ನಿಲ್ಲುವ ಕಡೆಯಿಂದ ಎರಡು ಉದ್ದನೆಯ ಹಗ್ಗ ಎಳೆದು ತೋರಿಸಿ.

ವಾಪಸ್ ಬರುವಾಗ ಹೊರಗಾಲಿನಿಂದ ಒದ್ದು ಮೊದಲು ಒಂದು ದಾಟುಹೆಜ್ಜೆ, ಆಮೇಲೆ ಶಫಲ್. ಅಷ್ಟರಲ್ಲಿ ಎದುರಾಳಿ ಹೊಡೆಯಲು ಹೊರಟರೆ ನೀವು ಎಲ್ಲಿದ್ದರೂ ಅಲ್ಲೇ ಪುಟಿಯಿರಿ. ಜಾಗ ತಲುಪಿಲ್ಲ ಎಂದು ಓಡುತ್ತಲೇ ಇದ್ದರೆ, ಎದುರಾಳಿ ನೀವು ಬಿಟ್ಟುಬಂದ ಜಾಗಕ್ಕೇ ಹೊಡೆಯುತ್ತಾನೆ. ಅರ್ಧ ದಾರಿಯಲ್ಲಿ ಸಿದ್ಧವಾಗಿ ನಿಂತವನಿಗೆ ಆ ಚೆಂಡು ಸಿಗುತ್ತದೆ. ನೆಟ್ಟಿಗೆ ನುಗ್ಗುವಾಗಲೂ ಇದೇ ನಿಯಮ. ಸರ್ವಿಸ್ ಲೈನ್ ದಾಟಿರಲಿ ಬಿಡಲಿ, ಎದುರಾಳಿಯ ರ್‍ಯಾಕೆಟ್ ಮುಂದೆ ಬಂತೆಂದರೆ ಪುಟಿತ.

ಡಬಲ್ಸ್ ಆಡುವ ಹಿರಿಯರು ಇದಕ್ಕೆ ಹೆಚ್ಚು ಗಮನ ಕೊಡಬೇಕು. ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದರು. ಅವರ ಪಂದ್ಯದ ವಿಡಿಯೊ ಹಾಕಿಕೊಂಡು ಚೆಂಡನ್ನು ಬಿಟ್ಟು ಪಾದಗಳನ್ನಷ್ಟೇ ಹತ್ತು ನಿಮಿಷ ನೋಡಿ. ವಯಸ್ಸಾದಂತೆ ಕಡಿಮೆಯಾಗುವುದು ಓಟ. ಹೊತ್ತು ಮತ್ತು ಜಾಗದ ಅರಿವು ಕಡಿಮೆಯಾಗಬೇಕಿಲ್ಲ.

ತಲೆಯ ಮೇಲೆ ಲಾಬ್, ಅಂದರೆ ಎತ್ತರಕ್ಕೆ ಎತ್ತಿ ಹೊಡೆದ ಚೆಂಡು ಬಂದಾಗ ಎದೆ ನೆಟ್ಟಿಗೆ ಮಾಡಿಕೊಂಡೇ ಹಿಂದೆ ಹಿಂದೆ ನಡೆಯುವುದನ್ನು ಮೊದಲ ದಿನವೇ ಬಿಡಿಸಬೇಕು. ಹಿಮ್ಮಡಿ ಸಿಕ್ಕಿಕೊಂಡು ಬೆನ್ನ ಮೇಲೆ ಬಿದ್ದು, ಕೈ ಊರಿ ಮಣಿಕಟ್ಟು ಮುರಿದುಕೊಳ್ಳುವುದು ಹೀಗೆಯೇ. ಬಲಗಾಲು ಹಿಂದಕ್ಕೆ ಹಾಕಿ ಮೈ ಅಡ್ಡ ತಿರುಗಿಸಿ, ಕಾಲು ದಾಟಿಸುತ್ತ ಹಿಂದೆ ಹೋಗಬೇಕು. ಎಡಗೈ ಚೆಂಡಿನ ಕಡೆ ಎತ್ತಿರಲಿ.

ಅಭ್ಯಾಸದ ಪ್ರಮಾಣದ ಬಗ್ಗೆ. ಪಾಯಿಂಟುಗಳಲ್ಲಿ ಹೆಚ್ಚಿನವು ಹತ್ತು ಸೆಕೆಂಡಿನೊಳಗೆ ಮುಗಿಯುತ್ತವೆ, ಪಾಯಿಂಟುಗಳ ನಡುವೆ ನಿಯಮದ ಪ್ರಕಾರ 25 ಸೆಕೆಂಡ್ ಸಿಗುತ್ತದೆ. ಡ್ರಿಲ್ ಕೂಡ ಹಾಗೇ ಇರಲಿ: 6ರಿಂದ 8 ಸೆಕೆಂಡ್ ಪೂರ್ತಿ ಜೋರು, 25 ಸೆಕೆಂಡ್ ವಿರಾಮ, ಹೀಗೆ ಎಂಟು ಸಲ. ಎರಡು ಮೂರು ನಿಮಿಷ ಕೂತು ಇನ್ನೊಂದು ಸುತ್ತು. ನಿಲ್ಲಿಸದೆ 45 ಸೆಕೆಂಡ್ ಓಡಿಸಿದರೆ ದಮ್ಮು ಬೆಳೆಯುತ್ತದೆ, ಚುರುಕು ಬೆಳೆಯುವುದಿಲ್ಲ. ಸುಸ್ತಾದ ಕಾಲು ಸೋಮಾರಿ ಹೆಜ್ಜೆಯನ್ನೇ ಕಲಿಯುತ್ತದೆ. ಶೂ ಸದ್ದಿಗೆ ಕಿವಿಗೊಡಿ. ಚುಟುಕು ಸದ್ದು ಹೋಗಿ ಧಪ್ ಧಪ್ ಶುರುವಾದರೆ ಆ ದಿನಕ್ಕೆ ಸಾಕು. ಲ್ಯಾಡರ್ ಬಿಸಾಡಬೇಕಿಲ್ಲ, ಮೈ ಬಿಸಿ ಮಾಡಲು ಐದು ನಿಮಿಷಕ್ಕೆ ಒಳ್ಳೆಯದೇ. ಇಲ್ಲದವರು ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆ ಮನೆ ಬರೆದುಕೊಂಡರೂ ನಡೆಯುತ್ತದೆ.

ಹತ್ತು ವರ್ಷದೊಳಗಿನ ಮಕ್ಕಳನ್ನು ದೊಡ್ಡವರು ಆಡುವ ಹಳದಿ ಚೆಂಡಿನಲ್ಲಿ ಪೂರ್ತಿ ಕೋರ್ಟಿಗೆ ಇಳಿಸಬೇಡಿ. ಚೆಂಡು ಅವರ ತಲೆಯ ಎತ್ತರಕ್ಕೆ ಪುಟಿಯುತ್ತದೆ, ಮಗು ಪ್ರತಿ ಸಲ ಹಿಂದಕ್ಕೆ ವಾಲಿ ಹೊಡೆಯುವುದನ್ನೇ ಕಲಿಯುತ್ತದೆ. ನಿಧಾನದ ಕೆಂಪು, ಕಿತ್ತಳೆ, ಹಸಿರು ಚೆಂಡುಗಳು ಇರುವುದೇ ಇದಕ್ಕೆ. ಹತ್ತು ವರ್ಷದೊಳಗಿನವರ ಸ್ಪರ್ಧೆಗೆ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2012ರಿಂದ ಅವನ್ನು ಕಡ್ಡಾಯ ಮಾಡಿದೆ. ಮಗು ಓಡಿದ ಮೇಲೆ ಹಿಮ್ಮಡಿ ನೋವು ಎಂದರೆ ನೆಪ ಎಂದುಕೊಳ್ಳಬೇಡಿ. ಬೆಳೆಯುವ ವಯಸ್ಸಿನಲ್ಲಿ ಹಿಮ್ಮಡಿ ಮೂಳೆಯ ಬೆಳವಣಿಗೆಯ ಭಾಗಕ್ಕೆ ಒತ್ತಡ ಬಿದ್ದು ನೋಯುವುದುಂಟು, ವೈದ್ಯರಿಗೆ ತೋರಿಸಿ. ದೊಡ್ಡವರಲ್ಲಿ ಕೈಕೊಡುವುದು ಮೀನಖಂಡ. ಮೈ ಬಿಸಿಯಾಗದೆ ಥಟ್ಟನೆ ಮುಂದಕ್ಕೆ ಒದ್ದಾಗ ಹಿಂದಿನಿಂದ ಯಾರೋ ಕಲ್ಲು ಹೊಡೆದಂತೆ ಅನ್ನಿಸಿದರೆ ಅಲ್ಲಿಗೆ ಆಟ ನಿಲ್ಲಿಸಿ. ವಾರಕ್ಕೆ ಮೂರು ದಿನ, ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದನ್ನು 15ರಂತೆ ಮೂರು ಸಲ ಮಾಡಿದರೆ ಆ ಸ್ನಾಯು ಗಟ್ಟಿಯಾಗುತ್ತದೆ.

ಓಟದ ಶೂ ಹಾಕಿಕೊಂಡು ಟೆನಿಸ್ ಆಡಬೇಡಿ. ಅದರ ಹಿಮ್ಮಡಿ ಎತ್ತರ, ಮೆತ್ತಗೆ, ಅಡ್ಡ ಒತ್ತಡಕ್ಕೆ ಆಧಾರವಿಲ್ಲ. ಮೂಲೆಯಲ್ಲಿ ಬ್ರೇಕ್ ಹಾಕಿದಾಗ ಪಾದ ಹೊರಕ್ಕೆ ಮಗುಚಿ ಉಳುಕುತ್ತದೆ. ಟೆನಿಸ್ ಶೂ ಆದರೂ ಹೆಬ್ಬೆರಳಿನ ಕೆಳಗಿನ ಗೆರೆಗಳು ಸವೆದು ನುಣುಪಾದರೆ ಬದಲಿಸಿ. ಜೊಕೊವಿಚ್ ಹಾರ್ಡ್ ಕೋರ್ಟಿನಲ್ಲಿ ಜಾರುವುದನ್ನು ನೋಡಿ ಮಕ್ಕಳು ಅನುಕರಿಸಲು ಹೋಗುತ್ತಾರೆ, ತಡೆಯಿರಿ. ಜಾರುವುದನ್ನು ಕಲಿಯುವುದಾದರೆ ಮಣ್ಣಿನ ಕೋರ್ಟಿನಲ್ಲಿ ಕಲಿಯಲಿ. ಅಲ್ಲೂ ಹೊಡೆಯುವ ಮೊದಲು ಜಾರಿ, ಹೊಡೆಯುವ ಹೊತ್ತಿಗೆ ನಿಂತಿರಬೇಕು. ಹೊಡೆದ ಮೇಲೆ ಜಾರುವವರು ವಾಪಸ್ ಬರುವ ಎರಡು ಹೆಜ್ಜೆ ಕಳೆದುಕೊಳ್ಳುತ್ತಾರೆ. ಮಳೆಗಾಲದಲ್ಲಿ ಹಾರ್ಡ್ ಕೋರ್ಟಿನ ನೀರು ಒತ್ತಿ ತೆಗೆದ ಮೇಲೂ ಬಿಳಿ ಗೆರೆಗಳ ಬಣ್ಣದ ಮೇಲೆ ಕಾಲು ಜಾರುತ್ತದೆ. ಅಂಗೈ ಊರಿ ನೋಡಿ, ಪಸೆ ಹತ್ತಿದರೆ ಆ ಬೆಳಗ್ಗೆ ರ್‍ಯಾಲಿ ಬೇಡ, ಚೆಂಡು ಹಿಡಿಯುವ ಅಭ್ಯಾಸವನ್ನು ಗೆರೆಗಳಿಂದ ದೂರ, ಒಣಗಿದ ಕಡೆ ನಡಿಗೆಯ ವೇಗದಲ್ಲಿ ಮಾಡಿಸಿ.