ತೇಜಸ್ವಿ ಪುಸ್ತಕಗಳನ್ನು ಯಾವ ಕಡೆಯಿಂದ ಹಿಡಿಯಬೇಕು

ಪೂರ್ಣಚಂದ್ರ ತೇಜಸ್ವಿಯವರ ಪುಸ್ತಕಗಳನ್ನು ಅಂಗಡಿಯವರು ಒಂದೇ ಕಪಾಟಿನಲ್ಲಿ ಜೋಡಿಸಿಟ್ಟಿರುತ್ತಾರೆ. ಕಾದಂಬರಿಯ ಪಕ್ಕ ಹಕ್ಕಿಗಳ ಪುಸ್ತಕ, ಅದರ ಪಕ್ಕ ನರಭಕ್ಷಕ ಹುಲಿ, ಆಮೇಲೆ ಹಾರುವ ತಟ್ಟೆ, ಜಪಾನಿನ ಕೃಷಿಕ ಫುಕುವೋಕಾ, ಅಪ್ಪ ಕುವೆಂಪುವಿನ ನೆನಪು. ಹೊಸ ಓದುಗ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೋಗಿ, ಇಷ್ಟವಾಗದಿದ್ದರೆ ಇಡೀ ಕಪಾಟಿಗೇ ಕೈಮುಗಿದುಬಿಡುತ್ತಾನೆ. ಹಾಗಾಗಬಾರದು ಅಂತ ಈ ಟಿಪ್ಪಣಿ.

1960ರ ದಶಕದ ‘ಸ್ವರೂಪ’, ‘ಯಮಳ ಪ್ರಶ್ನೆ’ಗಳಿಂದ ಶುರು ಮಾಡಬೇಡಿ. ಅವು ನವ್ಯ ಸಾಹಿತ್ಯ ಚಳವಳಿಯ ಕಾಲದವು, ಒಳಮುಖದ ಬರವಣಿಗೆ. ಮೊದಲು ಬರೆದದ್ದನ್ನು ಮೊದಲು ಓದುತ್ತೇನೆ ಅನ್ನುವ ಶಿಸ್ತಿನವರು ಇಲ್ಲೇ ಮುಗ್ಗರಿಸುವುದು. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ತೇಜಸ್ವಿ ನವ್ಯಕ್ಕೆ ಬೆನ್ನು ತಿರುಗಿಸಿ, ಸಮಾಜವಾದಿ ಚಿಂತಕ ಲೋಹಿಯಾ, ಕುವೆಂಪು, ಕಾರಂತ ಈ ಮೂವರಿಂದ ತಾನು ಪಡೆದದ್ದೇನು ಎಂದು ಹೇಳಿಕೊಳ್ಳುತ್ತಾರೆ. ಕತೆಗಳನ್ನು ಓದಿ, ಆಮೇಲೆ ಮುನ್ನುಡಿಗೆ ಬನ್ನಿ. ಮೊದಲೇ ಓದಿದರೆ ಅದು ಬರೀ ಘೋಷಣೆಯ ಹಾಗೆ ಕೇಳಿಸುತ್ತದೆ. ಊರಿನವರ ಕಾಗದ ಒಡೆದು ಓದುವ ಬೋಬಣ್ಣನನ್ನೂ, ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರನನ್ನೂ ಕಂಡ ಮೇಲೆ ಅದೇ ಮಾತಿಗೆ ತೂಕ ಬರುತ್ತದೆ. ತಬರನ ಕತೆಯನ್ನು ಕಾಸರವಳ್ಳಿಯವರ ಸಿನಿಮಾದಲ್ಲಿ ನೋಡಿದ್ದರೂ ಓದಿ. ಗೋಳಿನ ನಡುವೆ ತೇಜಸ್ವಿ ನುಸುಳಿಸುವ ನಗು ಓದಿನಲ್ಲೇ ಸಿಗುವಂಥದ್ದು.

ಆಮೇಲೆ ‘ಕರ್ವಾಲೊ’ (1980). ಇದನ್ನು ಒಂಟಿಯಾಗಿ ಓದುವುದಕ್ಕಿಂತ ‘ಪರಿಸರದ ಕತೆ’ಯನ್ನು (1991) ಪಕ್ಕದಲ್ಲಿಟ್ಟುಕೊಂಡು ಓದುವುದು ಲೇಸು. ಒಂದು ಕಾದಂಬರಿ, ಇನ್ನೊಂದು ಅನುಭವದ ಬರಹ ಅಂತ ಹಣೆಪಟ್ಟಿ ಇದೆ, ನಿಜ. ಆದರೆ ಕಿವಿ ಎಂಬ ನಾಯಿ ಎರಡರಲ್ಲೂ ಓಡಾಡುತ್ತದೆ. ಮೂಡಿಗೆರೆಯ ಸುತ್ತಿನ ಅದೇ ಕಾಡು, ಅದೇ ಗದ್ದೆ, ಕಥೆ ಹೇಳುವವನ ಅದೇ ಪೇಚಾಟ. ಹಾಗಿದ್ದರೆ ಕಾದಂಬರಿ ಎಲ್ಲಿ ಶುರುವಾಗುತ್ತದೆ? ಎರಡರಲ್ಲೂ ಎತ್ತುಗಡೆ ಒಂದೇ ಬಗೆಯದು: ಜೇನು, ಮೀನು, ಶಿಕಾರಿ, ಯಾರದೋ ಮದುವೆ, ಪೊಲೀಸರ ತಕರಾರು, ಹೀಗೆ ಯಾವುದೋ ಸಣ್ಣ ಕೆಲಸ. ‘ಪರಿಸರದ ಕತೆ’ಯಲ್ಲಿ ಆ ಕೆಲಸ ಕೆಟ್ಟುಹೋಗಿ ನಗುವಿನಲ್ಲೋ ಬೆರಗಿನಲ್ಲೋ ನಿಲ್ಲುತ್ತದೆ. ‘ಕರ್ವಾಲೊ’ದಲ್ಲಿ ನಿಲ್ಲುವುದಿಲ್ಲ. ಊರವರ ಕಣ್ಣಿಗೆ ಪೋಲಿಯಾದ ಮಂದಣ್ಣ ವಿಜ್ಞಾನಿ ಕರ್ವಾಲೊ ಕಣ್ಣಿಗೆ ಹುಟ್ಟು ಜೀವವಿಜ್ಞಾನಿ. ಅವನು ಕಂಡ ಒಂದು ಹಾರುವ ಓತಿಯನ್ನು ಹಿಡಿದು ಕತೆ ಲಕ್ಷಾಂತರ ವರ್ಷಗಳ ಹಿಂದಕ್ಕೆ ಜಾರುತ್ತದೆ. ಮಂದಣ್ಣನ ಕಳ್ಳಭಟ್ಟಿ ಕೇಸಿಗೂ ಜೀವವಿಕಾಸಕ್ಕೂ ಏನು ಸಂಬಂಧ ಅಂತ ಅರ್ಧ ದಾರಿಯಲ್ಲಿ ಗೊಣಗುವವರಿದ್ದಾರೆ. ಅವನು ಜೈಲಿಗೆ ಹೋದರೆ ಓತಿಯನ್ನು ಕಂಡ ಕಣ್ಣೇ ಇಲ್ಲ. ಅಷ್ಟೇ ಸಂಬಂಧ, ಅಷ್ಟು ಸಾಕು.

ಇಲ್ಲಿ ಒಂದು ಎಚ್ಚರಿಕೆ. ಹಾರುವ ಓತಿ ಕಟ್ಟುಕತೆಯ ಪ್ರಾಣಿ ಅಂದುಕೊಂಡವರು ಬಹಳ. ಪಶ್ಚಿಮ ಘಟ್ಟದಲ್ಲಿ ಡ್ರಾಕೊ ಡುಸ್ಸುಮೀರಿ ಎಂಬ ಓತಿ ನಿಜವಾಗಿಯೂ ಇದೆ. ಮಲೆನಾಡು, ಕರಾವಳಿಯ ಅಡಿಕೆ ತೋಟಗಳಲ್ಲೇ ಕಾಣಸಿಗುತ್ತದೆ. ಉದ್ದನೆಯ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮವನ್ನು ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ, ಹಕ್ಕಿಯ ಹಾಗೆ ಬಡಿಯುವುದಿಲ್ಲ. ಕಾದಂಬರಿಯ ಓತಿ ಇದರಿಂದ ಪ್ರೇರಿತವಾದರೂ ತೇಜಸ್ವಿ ಅದಕ್ಕೆ ಹೊರಿಸಿರುವ ಪ್ರಾಚೀನತೆ ಕಾದಂಬರಿಕಾರನದು. ‘ಕರ್ವಾಲೊ’ವನ್ನು ಪ್ರಾಣಿಶಾಸ್ತ್ರದ ಪಠ್ಯದಂತೆ ಉಲ್ಲೇಖಿಸಿ ಭಾಷಣ ಮಾಡುವುದು ಬೇಡ.

‘ಚಿದಂಬರ ರಹಸ್ಯ’ (1985) ಮತ್ತು ‘ಜುಗಾರಿ ಕ್ರಾಸ್’ (1994) ಎರಡನ್ನೂ ಒಂದರ ಹಿಂದೊಂದು ಓದಬಹುದು. ಎರಡರಲ್ಲೂ ಏಲಕ್ಕಿಯ ಘಮಲಿದೆ. ಇದು ಬರೀ ಮಲೆನಾಡಿನ ಬಣ್ಣಕ್ಕೆ ಹಾಕಿದ ವಿವರವಲ್ಲ. ಏಲಕ್ಕಿ ಹಗುರ, ಬೆಲೆ ವಿಪರೀತ. ಕಾಫಿ ಸಾಗಿಸಲು ಲಾರಿ ಬೇಕು, ಏಲಕ್ಕಿಯನ್ನು ಒಬ್ಬ ಮನುಷ್ಯ ಹೆಗಲ ಮೇಲೆ ಹೊತ್ತು ಸಾಗಿಸಬಹುದು. ಜೊತೆಗೆ ಅದು ಬೆಳೆಯುವುದು ಕಾಡಿನ ನೆರಳಿನಲ್ಲಿ. ಕಳ್ಳದಂಧೆ, ದಲ್ಲಾಳಿ, ಕಾಡು, ಸಣ್ಣ ಬೆಳೆಗಾರ ಎಲ್ಲರೂ ಒಂದೇ ಚೀಲಕ್ಕೆ ಕೈಹಾಕುವಂಥ ಬೆಳೆ ಇನ್ನೊಂದಿಲ್ಲ. ಅದಕ್ಕೇ ‘ಜುಗಾರಿ ಕ್ರಾಸ್’ನ ಸುರೇಶ, ಗೌರಿ ಏಲಕ್ಕಿ ಮಾರಲು ಹೊರಟವರು ಅಷ್ಟು ಸುಲಭವಾಗಿ ಪಾತಾಳದ ವ್ಯವಹಾರಕ್ಕೆ ಸಿಕ್ಕಿಕೊಳ್ಳುತ್ತಾರೆ. ‘ಚಿದಂಬರ ರಹಸ್ಯ’ದಲ್ಲಿ ಪತ್ತೇದಾರ ಅಂಗಾಡಿ ಕೆಸರೂರಿಗೆ ಬಂದಿಳಿದ ಕೂಡಲೇ, ಕೊಲೆಗಾರ ಯಾರು ಅಂತ ಕೊನೆಯಲ್ಲಿ ಗೊತ್ತಾಗುತ್ತದೆ ಅಂತ ನಾವು ಕಾಯುತ್ತೇವೆ. ಕಾಯಬೇಡಿ. ಪತ್ತೇದಾರಿಕೆ ಊರಿನೊಳಕ್ಕೆ ಹೊಗಲು ಮಾಡಿಕೊಂಡ ಬಾಗಿಲು ಮಾತ್ರ; ಜಾತಿ, ರಾಜಕೀಯ, ಮೂಢನಂಬಿಕೆ ಎಲ್ಲ ಸೇರಿ ಊರನ್ನು ಸುಡುವುದನ್ನು ತೋರಿಸುವುದೇ ಉದ್ದೇಶ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಇದಕ್ಕೆ. ಕಟ್ಟಡದ ಬಿಗುವಿನಲ್ಲಿ ಮಾತ್ರ ‘ಕರ್ವಾಲೊ’ವೇ ಮೇಲು, ‘ಜುಗಾರಿ ಕ್ರಾಸ್’ ಓಟದಲ್ಲಿ ಇವೆರಡನ್ನೂ ಮೀರಿಸುತ್ತದೆ, ಮುಗಿದ ಮೇಲೆ ಅಷ್ಟು ಕಾಡುವುದಿಲ್ಲ.

ಅನುವಾದಗಳ ರಾಶಿಯೇ ಬೇರೆ. ಕೆನೆತ್ ಆಂಡರ್ಸನ್‌ನ ಬೇಟೆಯ ಕತೆಗಳು ‘ಕಾಡಿನ ಕಥೆಗಳು’ ಎಂದು 4 ಭಾಗಗಳಲ್ಲಿ, ಕಾರ್ಬೆಟ್‌ನ ರುದ್ರಪ್ರಯಾಗದ ಚಿರತೆ, ಪ್ರದೀಪ ಕೆಂಜಿಗೆಯವರ ಜೊತೆ ‘ಪ್ಯಾಪಿಲಾನ್’, ಫುಕುವೋಕಾನ ವಿಚಾರಗಳ ‘ಸಹಜ ಕೃಷಿ’, ಮಿಲೇನಿಯಮ್ ಸರಣಿಯ 16 ಪುಸ್ತಕಗಳು. ಆಂಡರ್ಸನ್ ಕತೆಗಳನ್ನು ಮೂಲದ ಪಕ್ಕ ಇಟ್ಟು ಸಾಲು ಸಾಲು ಹೋಲಿಸಲು ಹೋದರೆ ನಿರಾಶೆ. ಅವು ಭಾವಾನುವಾದ. ಬಿಳಿಯ ಬೇಟೆಗಾರನ ಗತ್ತನ್ನು ಇಳಿಸಿ, ಮೂಡಿಗೆರೆಯ ಯಾರೋ ಹೇಳುತ್ತಿರುವ ಹಾಗೆ ಮಾಡಿದ್ದಾರೆ. ‘ಸಹಜ ಕೃಷಿ’ ಓದಿ ಮಾರನೇ ದಿನ ಉಳುಮೆ ನಿಲ್ಲಿಸುವವರಿಗೆ ಒಂದು ಮಾತು: ಫುಕುವೋಕಾ ಹೇಳುವುದು ಜಪಾನಿನ ಶಿಕೋಕು ದ್ವೀಪದ ಭತ್ತ, ಚಳಿಗಾಲದ ಧಾನ್ಯ, ಕಿತ್ತಳೆ ತೋಟದ ಲೆಕ್ಕ. ನಮ್ಮ ಮುಂಗಾರಿನ ಕಳೆಗೆ, ಇಳಿಜಾರಿನ ಮಣ್ಣಿಗೆ ಅದು ಹಾಗೆ ಹಾಗೇ ಹೊಂದುವುದಿಲ್ಲ. ಪುಸ್ತಕವನ್ನು ಯೋಚನೆಯ ಕ್ರಮವಾಗಿ ಓದಿ.

ಮಿಲೇನಿಯಮ್ ಸರಣಿಯಲ್ಲಿ ಹೆಚ್ಚು ಜನ ಕೈಗೆತ್ತಿಕೊಳ್ಳುವುದು ‘ಮಹಾಪಲಾಯನ’. ಸೈಬೀರಿಯಾದ ಸೆರೆಯಿಂದ ತಪ್ಪಿಸಿಕೊಂಡು ಗೋಬಿ ಮರುಭೂಮಿ, ಹಿಮಾಲಯ ದಾಟಿ ಭಾರತಕ್ಕೆ ನಡೆದು ಬಂದವರ ಕತೆ. ಮೂಲ ಲೇಖಕ ಸ್ಲಾವೊಮಿರ್ ರಾವಿಚ್ ತಪ್ಪಿಸಿಕೊಂಡೇ ಇಲ್ಲ, 1942ರಲ್ಲಿ ಕ್ಷಮಾದಾನದಲ್ಲಿ ಬಿಡುಗಡೆಯಾದವನು ಎಂದು ತೋರಿಸುವ ಸೋವಿಯತ್ ದಾಖಲೆಗಳನ್ನು 2006ರಲ್ಲಿ ಬಿಬಿಸಿ ಹೊರಗೆಡವಿತು. ಸೆರೆಯಿಂದ ಪರಾರಿಯಾದವನ ಆತ್ಮಕತೆಯಾದ ‘ಪ್ಯಾಪಿಲಾನ್’ನ ನಿಜದ ಬಗೆಗೂ ಇಂಥ ಗುಮಾನಿ ಮೊದಲಿಂದ ಇದೆ. ಎರಡನ್ನೂ ಕಾದಂಬರಿಯೆಂದೇ ಓದಿದರೆ ರೋಚಕತೆ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಮಕ್ಕಳಿಗೆ ಕೊಡುವಾಗ ಮಾತ್ರ ಈ ಸಂಗತಿ ಹೇಳಿ ಕೊಡಿ. ಹಾರುವ ತಟ್ಟೆಗಳ ‘ಫ್ಲೈಯಿಂಗ್ ಸಾಸರ್ಸ್’ಗೂ ಇದೇ ಮಾತು.

‘ಅಣ್ಣನ ನೆನಪು’ (1996) ಕುವೆಂಪು ಬಗ್ಗೆ ಅಂತ ಕೊಂಡವರಿಗೆ ಅರ್ಧ ಪುಸ್ತಕ ತೇಜಸ್ವಿಯವರದೇ ತುಂಟಾಟವಾಗಿ ಸಿಗುತ್ತದೆ. ಇದನ್ನು ಕೊನೆಗಿಟ್ಟುಕೊಳ್ಳಿ. ‘ಶ್ರೀ ರಾಮಾಯಣ ದರ್ಶನಂ’ ಬರೆದವರ ಮನೆಯ ಹುಡುಗ ಬಂದೂಕು, ಮೋಟಾರ್ ಬೈಕು, ಕ್ಯಾಮೆರಾ ಹಿಡಿದು ಕಾಡಿಗೆ ಹೋದದ್ದು ಯಾಕೆ ಎನ್ನುವುದು, ಕಾಡಿನ ಪುಸ್ತಕಗಳನ್ನೆಲ್ಲ ಮುಗಿಸಿ ಬಂದವರಿಗೆ ಇಲ್ಲಿ ಚೆನ್ನಾಗಿ ಹಿಡಿಸುತ್ತದೆ.