ಬೋಡಿಯ ಶಾಲೆ

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಸಾಲಿನ ಪೂರ್ವಕ್ಕೆ, 395ನೇ ಹೆದ್ದಾರಿಯನ್ನು ಬಿಟ್ಟು ಒಳಕ್ಕೆ ತಿರುಗಿದರೆ ಬೋಡಿ ಸಿಗುತ್ತದೆ. ಕೊನೆಯ ಮೂರು ಮೈಲಿ ಡಾಂಬರಿಲ್ಲದ ದಾರಿಯಾದ್ದರಿಂದ ನಾವು ತಲುಪುವಷ್ಟರಲ್ಲಿ ಕಾರಿನ ಬಣ್ಣವೇ ಗುರುತು ಸಿಗದಂತಾಗಿತ್ತು. 8,300 ಅಡಿಗೂ ಎತ್ತರದ ಈ ಬೋಳುಗುಡ್ಡಗಳಲ್ಲಿ 1859ರಲ್ಲಿ ಚಿನ್ನ ಸಿಕ್ಕಿತು. 1880ರ ಸುಮಾರಿಗೆ ಸಾವಿರಾರು ಜನರಿದ್ದ ಊರಿನಲ್ಲಿ ಈಗ ಉಳಿದಿರುವುದು ನೂರಕ್ಕೂ ಹೆಚ್ಚು ಖಾಲಿ ಕಟ್ಟಡಗಳು. ಬರುವವರಲ್ಲಿ ಹೆಚ್ಚಿನವರಿಗೆ ಇಲ್ಲಿನ ಹೆಂಡದಂಗಡಿ, ಗುಂಡೇಟುಗಳ ಕಥೆ ಬೇಕು. ನನ್ನನ್ನು ಹಿಡಿದು ನಿಲ್ಲಿಸಿದ್ದು ಶಾಲೆ.

ಚಾವಣಿಯ ಮೇಲೆ ಪುಟ್ಟ ಗಂಟೆಗೋಪುರವಿರುವ ಈ ಮರದ ಕಟ್ಟಡವನ್ನು 1879ರಲ್ಲಿ ಕಟ್ಟಿದ್ದು ಶಾಲೆಗೆಂದಲ್ಲ, ಬಾನ್ ಟಾನ್ ಎಂಬ ವಸತಿಗೃಹವಾಗಿ. ಮೊದಲ ಶಾಲೆ ಬೇರೆ ಬೀದಿಯಲ್ಲಿತ್ತು. ಪುಂಡಾಟಕ್ಕಾಗಿ ಮನೆಗೆ ಅಟ್ಟಿಸಿಕೊಂಡ ಹುಡುಗನೊಬ್ಬ ಅದಕ್ಕೆ ಬೆಂಕಿಯಿಟ್ಟನಂತೆ. 1932ರಲ್ಲಿ ಊರಿನ ಬಹುಭಾಗವನ್ನು ಸುಟ್ಟ ಬೆಂಕಿಯನ್ನೂ ಕಡ್ಡಿ ಗೀರಿ ಆಡುತ್ತಿದ್ದ ಒಂದು ಮಗುವಿನ ತಲೆಗೇ ಕಟ್ಟಿದ್ದಾರೆ. ಆ ಬೆಂಕಿಯಿಂದ ಈ ಕಟ್ಟಡ ಪಾರಾಯಿತು.

ಒಳಗೆ ಬಿಡುವುದಿಲ್ಲವಾದ್ದರಿಂದ ಕಿಟಕಿಯ ಗಾಜಿಗೆ ಹಣೆಯೊತ್ತಿಯೇ ನೋಡಬೇಕು. ಕಬ್ಬಿಣದ ಕಾಲಿನ ಡೆಸ್ಕುಗಳು, ಕರಿಹಲಗೆ, ಧೂಳು ಹಿಡಿದ ಪುಸ್ತಕಗಳು, ಬಿಸಿಲಿಗೆ ಬಣ್ಣ ಮಾಸಿದ ಒಂದು ಭೂಗೋಳ.

1880ರ ದಶಕದಲ್ಲಿ ಅದಿರಿನ ಇಳುವರಿ ಇಳಿದಾಗ, ಬೇಗ ಹಣ ಮಾಡಲು ಬಂದಿದ್ದ ಒಂಟಿ ಗಂಡಸರು ಬೇರೆ ಗಣಿ ಹುಡುಕಿಕೊಂಡು ಹೋದರು, ಸಂಸಾರವಂದಿಗರು ಉಳಿದುಕೊಂಡರು. 1890ರ ದಶಕದಲ್ಲಿ ಚಿನ್ನವನ್ನು ಸಯನೈಡ್ ದ್ರಾವಣದಲ್ಲಿ ಕರಗಿಸಿ ಬೇರ್ಪಡಿಸುವ ವಿಧಾನ ಬಂದು, ಅದಿರು ಅರೆದು ಹಿಂದೆ ಎಸೆದಿದ್ದ ಪುಡಿಮಣ್ಣಿನಿಂದಲೂ ಚಿನ್ನ ತೆಗೆಯುವಂತಾಯಿತು. ಅದೇ ಕಾಲಕ್ಕೆ ಹದಿಮೂರು ಮೈಲಿ ದೂರದ ಜಲವಿದ್ಯುತ್ತೂ ತಂತಿಯ ಮೂಲಕ ಇಲ್ಲಿನ ಅದಿರು ಅರೆಯುವ ಗಿರಣಿಗೆ ಬಂತು. (ನಮ್ಮ ಕೋಲಾರದ ಗಣಿಗಳಿಗೆ ಶಿವನಸಮುದ್ರದ ವಿದ್ಯುತ್ ಬಂದದ್ದು 1902ರಲ್ಲಿ, ಅದು ಕ್ರಮಿಸಿದ ದೂರವಾದರೋ ಇದರ ಏಳು ಪಟ್ಟು.) ಗಣಿ ಹೀಗೆ ಕುಂಟುತ್ತಲಾದರೂ ನಡೆದದ್ದರಿಂದ ಮನೆಗಳು ಉಳಿದವು, ಮನೆಗಳಿದ್ದುದರಿಂದ ಶಾಲೆ ಉಳಿಯಿತು. ಚಿನ್ನದ ಭರಾಟೆ ನಾಲ್ಕೈದು ವರ್ಷದ್ದಾದರೆ, ಪಾಠ ಅದಾದ ಮೇಲೂ ಸುಮಾರು ಅರವತ್ತು ವರ್ಷ ನಡೆಯಿತು. ಯುದ್ಧದ ಕಾರಣಕ್ಕೆ ಅಮೆರಿಕ ಸರ್ಕಾರ ಚಿನ್ನದ ಗಣಿಗಳನ್ನು ನಿಲ್ಲಿಸಿದ 1942ರಲ್ಲೇ ಶಾಲೆಯೂ ಮುಚ್ಚಿತು, ಅಂಚೆ ಕಚೇರಿಯೂ ಮುಚ್ಚಿತು.

1962ರಲ್ಲಿ ಬೋಡಿ ರಾಜ್ಯ ಉದ್ಯಾನವಾಯಿತು. ಕಟ್ಟಡಗಳನ್ನು ಹೊಸದು ಮಾಡುವುದಿಲ್ಲ, ಬೀಳಲೂ ಬಿಡುವುದಿಲ್ಲ ಎಂಬುದು ಇಲ್ಲಿನ ನಿಯಮ. ಸೂರು ಸೋರದಂತೆ, ಗೋಡೆ ವಾಲದಂತೆ ನೋಡಿಕೊಂಡು, ಒಳಗಿನ ಧೂಳನ್ನು ಹಾಗೆಯೇ ಬಿಡುತ್ತಾರೆ. ಹಳೆಯದನ್ನು ಉಳಿಸುತ್ತೇವೆಂದು ಹೊಸ ಬಣ್ಣ ಬಳಿಯುವ ನಮ್ಮ ಕಡೆಯ ಅಭ್ಯಾಸಕ್ಕಿಂತ ಇದು ಎಷ್ಟೋ ಮೇಲೆಂದು ನನಗೆ ತೋರಿತು.